ಕುಲುಮೆ ಕೆಲಸಕ್ಕೆ ಜೇನುಮೇಣದ ಪಾಲಿಶ್

ಕುಂಬಳೆ, ಮಂಜೇಶ್ವರ ಕಡೆ ಕಡಲ ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಅಲ್ವಾ? ಹಾಗಂತ ಬಡಿದು ಮಾಡಿದ ಬಳ್ಳಿ, ಹೂವು, ದೀಪದ ಕೊಕ್ಕೆಗೆಲ್ಲ ದಪ್ಪ ಪೇಂಟ್ ಬಳಿಯಬೇಡಿ. ಸುತ್ತಿಗೆಯ ಗುರುತೇ ಮುಚ್ಚಿಹೋಗುತ್ತದೆ. ಮನೆಯೊಳಗಿನ ಸಾಮಾನಿಗೆ ಜೇನುಮೇಣ ಸಾಕು.

ಮೊದಲು ತಂತಿ ಬ್ರಷ್‌ನಲ್ಲಿ ಚೆನ್ನಾಗಿ ಉಜ್ಜಿ, ಸಡಿಲವಾದ ಕಪ್ಪು ಚಕ್ಕೆ ತೆಗೆಯಿರಿ. ಆಮೇಲೆ ಹದವಾಗಿ ಬಿಸಿ ಮಾಡಿ. ಬಿಸಿಯದ್ದೇ ಇಲ್ಲಿ ಮುಖ್ಯ ವಿಷಯ. ಮೇಣ ತಾಗಿಸಿದ ಕೂಡಲೇ ಕರಗಿ ಸಣ್ಣಗೆ ಹೊಗೆ ಬಂದರೆ ಹದ ಸರಿ. ಬಿಳಿಯಾಗಿ ಅಂಟಿ ಕೂತರೆ ಬಿಸಿ ಸಾಲದು. ಬೆಂಕಿ ಹತ್ತಿಕೊಂಡರೆ ಜಾಸ್ತಿಯಾಯಿತು. ಕಬ್ಬಿಣ ಕೆಂಪಗಿರುವಾಗಂತೂ ಹಚ್ಚಲೇಬೇಡಿ, ಸುಮ್ನೆ ಸುಟ್ಟುಹೋಗುತ್ತದೆ. ತಿರುಚಿದ ಸರಳಿನ ಸಂದಿಗೆ ಹಳೇ ಬ್ರಷ್ ಬಳಸಿ. ಪ್ಲಾಸ್ಟಿಕ್ ಎಳೆಯದ್ದು ಬೇಡ, ಕರಗುತ್ತದೆ. ಬಿಸಿ ಇರುವಾಗಲೇ ಹೆಚ್ಚಿನ ಮೇಣ ಒರೆಸಿಬಿಡಿ. ಇಲ್ಲದಿದ್ದರೆ ಧೂಳು ಮೆತ್ತಿಕೊಳ್ಳುತ್ತದೆ.

ಕೆಲವರು ಅಗಸೆ ಎಣ್ಣೆ ಸೇರಿಸುತ್ತಾರೆ. ಒಳ್ಳೆಯದೇ, ಆದರೆ ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಗೇಟು, ಕಿಟಕಿ ಸರಳಿಗೆ ಮಾತ್ರ ಮೇಣ ನಂಬಬೇಡಿ, ನಮ್ಮ ಮಳೆಗೆ ತಡೆಯುವುದಿಲ್ಲ. ಅಲ್ಲಿಗೆ ಜಿಂಕ್ ಪ್ರೈಮರ್, ಅದರ ಮೇಲೆ ತೆಳುವಾಗಿ ಕಪ್ಪು ಪೇಂಟ್. ಗುಜರಿಯಿಂದ ತಂದ ಜಿಐ ಪೈಪನ್ನು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪನ್ನು, ಕುಲುಮೆಗೆ ಹಾಕಲೇಬೇಡಿ. ಸತುವಿನ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ.