‘ಪ್ರೆಬೆಂದಾ’ ಪದವನ್ನು ಕನ್ನಡಕ್ಕೆ ತರುವ ಬಗೆ

ಹಳೆ ಗೋವಾದ ಸೇ ಕೆಥೆಡ್ರಲ್‌ನ, ಎಂದರೆ ಬಿಷಪರ ಪೀಠವಿರುವ ಮುಖ್ಯ ಇಗರ್ಜಿಯ (ಚರ್ಚಿನ), ಚರಿತ್ರೆಯನ್ನು ಕನ್ನಡದಲ್ಲಿ ಬರೆಯಹೊರಟವರು ‘ಪ್ರೆಬೆಂದಾ’ ಎಂಬ ಪೋರ್ಚುಗೀಸ್ ಪದದ ಬಳಿ ಎಡವುತ್ತಾರೆ. ವಾಸ್ಕೋದ ನನ್ನ ಸ್ನೇಹಿತರೊಬ್ಬರು ನಿಘಂಟಿನಲ್ಲಿ ‘ಸ್ಟೈಪೆಂಡ್’ ಎಂದಿದ್ದುದನ್ನು ನಂಬಿ ‘ವಿದ್ಯಾರ್ಥಿವೇತನ’ ಎಂದು ಬರೆದುಬಿಟ್ಟರು; ಕೆಥೆಡ್ರಲ್‌ನ ಪಾದ್ರಿಮಂಡಳಿಯ ಸದಸ್ಯರಾದ, ತಲೆ ನರೆತ ‘ಕ್ಯಾನನ್’ ಪಾದ್ರಿಗಳೆಲ್ಲ ಅವರ ಹಾಳೆಯಲ್ಲಿ ಹಾಸ್ಟೆಲ್ ಹುಡುಗರಾಗಿದ್ದರು.

ಮೊದಲು ಧಾತುವನ್ನು ಹಿಡಿಯಿರಿ. ಲ್ಯಾಟಿನ್ನಿನ ‘ಪ್ರೆಬೆರೆ’ ಎಂದರೆ ಒದಗಿಸು. ‘ಪ್ರೆಬೆಂದಾ’ ಎಂದರೆ ಒದಗಿಸತಕ್ಕದ್ದು, ಅಂದರೆ ನಮ್ಮ ‘ಪಡಿ’. ಕೆಥೆಡ್ರಲ್‌ನ ಆದಾಯದಲ್ಲಿ ಕ್ಯಾನನ್ ಒಬ್ಬನ ಸ್ಥಾನಕ್ಕೆ ಮೀಸಲಾದ ಪಾಲಿಗೆ ಈ ಹೆಸರು ನಿಂತಿತು. ಇದೇ ಪದ ಫ್ರೆಂಚಿನ ಮೂಲಕ ಹಾದು ಇಂಗ್ಲಿಷಿನಲ್ಲಿ ‘ಪ್ರೊವೆಂಡರ್’, ಎಂದರೆ ದನಕುದುರೆಗಳ ಮೇವು, ಆಯಿತು. ನಮ್ಮ ‘ಉಂಬಳಿ’ಯಲ್ಲಿಯೂ ‘ಉಣ್’ ಧಾತು ಅಡಗಿರುವುದರಿಂದ ಇವೆರಡನ್ನು ಜೋಡಿಸುವ ಆಸೆ ಸಹಜವಾದರೂ, ಉಂಬಳಿ ಸಾಮಾನ್ಯವಾಗಿ ಭೂಮಿ ಮತ್ತು ಮನೆತನದಲ್ಲಿ ಇಳಿದುಬರುವಂಥದು, ಪ್ರೆಬೆಂದಾ ಕ್ಯಾನನ್‌ನ ಪೀಠಕ್ಕೆ ಅಂಟಿದ್ದು ಎಂಬುದನ್ನು ಮರೆಯಬಾರದು. ಆದ್ದರಿಂದ ಜಮೀನಿನ ಹುಟ್ಟುವಳಿಯಿಂದ ನಡೆಯುತ್ತಿದ್ದ ಯುರೋಪಿನ ಕೆಥೆಡ್ರಲ್‌ಗಳ ಸಂದರ್ಭದಲ್ಲಿ ‘ಪೀಠದ ಉಂಬಳಿ’ ಎನ್ನಬಹುದು. ರಾಜನ ಖಜಾನೆಯಿಂದ ನಗದು ಬರುತ್ತಿದ್ದ ಗೋವಾದ ಸಂದರ್ಭದಲ್ಲಿ, ನಮ್ಮ ದೇವಸ್ಥಾನಗಳಿಗೆ ಸರ್ಕಾರ ಕೊಡುವ ‘ತಸ್ತೀಕು’ ಹೆಚ್ಚು ಹೊಂದುತ್ತದೆ ಎಂದು ನನ್ನ ಎಣಿಕೆ.

ಅನಂತರ, ಹಣವನ್ನೂ ಅಧಿಕಾರವನ್ನೂ ಬೇರ್ಪಡಿಸಿ. ಮೂರನೆಯ ಪೌಲ್ ಪೋಪರು 1534ರ ಶಾಸನದಿಂದ ಗೋವಾ ಧರ್ಮಪ್ರಾಂತವನ್ನು ಸ್ಥಾಪಿಸಿದಾಗ ಪೋಷಣೆಯ ಹೊಣೆ ಪೋರ್ಚುಗಲ್ ರಾಜನದಾಯಿತು. ಅದಕ್ಕೆ ಪ್ರತಿಯಾಗಿ ಬಿಷಪರ ಹೆಸರು ಸೂಚಿಸುವ ಹಕ್ಕು ಅವನಿಗಿತ್ತು. ಈ ಹಕ್ಕುಬಾಧ್ಯತೆಗಳ ಕಟ್ಟೇ ‘ಪದ್ರೊವಾದು’. ಅದರ ಮೂಲವೂ ‘ಪಾದ್ರಿ’ಯ ಮೂಲವೂ ಒಂದೇ, ತಂದೆ ಎಂಬರ್ಥದ ಲ್ಯಾಟಿನ್ ‘ಪಾತೆರ್’. ಇದನ್ನು ‘ಆಶ್ರಯ’ ಎಂದರೆ ನೇಮಕದ ಹಕ್ಕು ಮರೆಯಾಗುತ್ತದೆ. ‘ಪೋಷಕಾಧಿಕಾರ’ ಎಂದರೆ ಎರಡೂ ಉಳಿಯುತ್ತವೆ.

ಭಕ್ತರು ಒಂದು ಪೂಜೆಗೆಂದು ಕೊಡುವ ಹಣ ಇವೆರಡೂ ಅಲ್ಲ. ಅದನ್ನು ‘ಬಲಿಪೂಜೆಯ ಕಾಣಿಕೆ’ ಎಂದೇ ಬರೆಯಿರಿ. ಪೋರ್ಚುಗೀಸಿನಲ್ಲಿ ಮೈಮುರಿಯದೆ ದುಡ್ಡು ತರುವ ಹುದ್ದೆಯನ್ನೂ ಪ್ರೆಬೆಂದಾ ಎಂದು ಹಂಗಿಸುವುದುಂಟು. ಅಂಥ ಸಾಲು ಸಿಕ್ಕಾಗ ಇಗರ್ಜಿಯನ್ನು ಎಳೆತರದೆ ‘ಬಿಟ್ಟಿ ಸಂಬಳ’ ಎಂದು ಬರೆದು ಮುಂದೆ ಸಾಗಬಹುದು.