ಮಾಡ್ಯುಲಸ್ ನಕ್ಷೆ: ‘ವಿ’ ಬರಬೇಕಾದಲ್ಲಿ ನೇರ ಗೆರೆ ಬಂತಾ?

ಪಿಯುಸಿ ಮೊದಲ ವರ್ಷದವರಿಗೆ ಮಾಡ್ಯುಲಸ್ ಉತ್ಪನ್ನ (ಫಂಕ್ಷನ್) ಬಂದೇ ಬರುತ್ತದೆ. ಎರಡು ನಿಂತ ಗೆರೆ ನೋಡಿ ಹೆದರಬೇಡಿ. ಅದು ಸೊನ್ನೆಯಿಂದ ಇರುವ ದೂರ ಮಾತ್ರ ಹೇಳುತ್ತದೆ, ದಿಕ್ಕು ಹೇಳುವುದಿಲ್ಲ. ವಿಜಯಪುರದಿಂದ ಸೋಲಾಪುರದ ಕಡೆ 5 ಕಿ.ಮೀ. ಹೋಗಿ, ಇಲ್ಲಾ ಎದುರು ದಿಕ್ಕಿನಲ್ಲಿ ಕೊಲ್ಹಾರದ ಕಡೆ 5 ಕಿ.ಮೀ. ಹೋಗಿ, ಊರಿಂದ ದೂರ 5 ತಾನೇ? |5| ಕೂಡ 5, |−5| ಕೂಡ 5.

ಈಗ ವೈ = |ಎಕ್ಸ್ − 3| ತಗೊಳ್ಳಿ. ಬಹಳಷ್ಟು ಮಂದಿ ರೂಢಿಯಂತೆ ಎಕ್ಸ್‌ಗೆ −2, −1, 0, 1, 2 ಹಾಕಿಬಿಡುತ್ತಾರೆ. ವೈ 5, 4, 3, 2, 1 ಬರುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಐದೂ ಬಿಂದು ಒಂದೇ ಗೆರೆ ಮೇಲೆ ಕೂರುತ್ತವೆ, ಸ್ಕೇಲ್ ಇಟ್ಟು ಎಳೆದು ಕೈ ತೊಳೆದುಕೊಂಡರೆ ‘ವಿ’ (V) ಆಕಾರದ ನಕ್ಷೆಯಲ್ಲಿ (ಗ್ರಾಫ್) ಅರ್ಧ ಮಾಯ!

ಅದಕ್ಕೇ ಮೊದಲು ಮಾಡ್ಯುಲಸ್ ಒಳಗಿನದು ಸೊನ್ನೆಯಾಗುವ ಜಾಗ ಹುಡುಕಿ. ಇಲ್ಲಿ ಎಕ್ಸ್ = 3. ಕೋಷ್ಟಕದ ನಡುವೆ 3 ಬರೆದು, ಎಡಕ್ಕೆ 2, 1, ಬಲಕ್ಕೆ 4, 5 ಬರೆಯಿರಿ. ವೈ ಸಾಲು 2, 1, 0, 1, 2 ಆಗುತ್ತದೆ. ಎರಡೂ ಕಡೆ ಒಂದೇ ಥರ ಬರಲಿಲ್ಲ ಅಂದ್ರೆ ಲೆಕ್ಕ ಎಲ್ಲೋ ತಪ್ಪಿದೆ ಅಂತಲೇ. ಗ್ರಾಫ್ ಹಾಳೆಯಲ್ಲಿ ಬಿಂದು ಗುರುತಿಸಿ, (3, 0) ಮೂಲೆಯಿಂದ ಎಡಕ್ಕೊಂದು ಬಲಕ್ಕೊಂದು ನೇರ ಗೆರೆ ಎಳೆದು ತುದಿಗೆ ಬಾಣ ಹಾಕಿ. ಮೂಲೆ ಚೂಪಾಗಿರಲಿ, ಬಟ್ಟಲಿನ ಥರ ದುಂಡಗೆ ಮಾಡಬೇಡಿ.

ವೈ = −2|ಎಕ್ಸ್ + 1| + 4 ಕೊಟ್ಟರೆ? ಮೂಲೆ ಎಕ್ಸ್ = −1ರಲ್ಲಿ, ಅಲ್ಲಿ ವೈ 4. ಮೊದಲು ಮಾಡ್ಯುಲಸ್ ಬಿಡಿಸಿ, ಆಮೇಲೆ −2ರಿಂದ ಗುಣಿಸಿ, ಕೊನೆಗೆ 4 ಕೂಡಿಸಿ. ಈ ಕ್ರಮ ತಪ್ಪಿದರೆ ಎಲ್ಲಾ ಕೆಟ್ಟಿತು. ಎಕ್ಸ್ 0 ಆದಾಗ 2, 1 ಆದಾಗ 0, 2 ಆದಾಗ −2. ‘ಮಾಡ್ಯುಲಸ್ ಇದ್ದ ಮೇಲೆ ಮೈನಸ್ ಹೇಗೆ ಬಂತು ಸರ್?’ ಅಂತ ಕೇಳುವವರು ಇದ್ದೇ ಇರುತ್ತಾರೆ. ಮೈನಸ್ ಇರುವುದು ಹೊರಗೆ ಅಲ್ವಾ, ಅದನ್ನು ಮಾಡ್ಯುಲಸ್ ಮುಟ್ಟುವುದಿಲ್ಲ. ನಕ್ಷೆ ತಲೆಕೆಳಗಾಗುತ್ತದೆ, ಜಾಸ್ತಿ ಕಡಿದಾಗಿಯೂ ಇರುತ್ತದೆ.

ಇನ್ನು |2ಎಕ್ಸ್ − 5| ಥರದ್ದು ಬಂದರೆ ಹುಷಾರು. ಪೂರ್ಣಾಂಕ ಮಾತ್ರ ಹಾಕಿದರೆ 2ಕ್ಕೂ 1, 3ಕ್ಕೂ 1 ಬರುತ್ತದೆ, ಸುಮ್ನೆ ಸೇರಿಸಿದರೆ ಕೆಳಗೆ ಚಪ್ಪಟೆ ತಳ. ನಿಜವಾದ ಮೂಲೆ 2.5ರಲ್ಲಿದೆ, ಅಲ್ಲಿ ವೈ ಸೊನ್ನೆ. ಕೋಷ್ಟಕದಲ್ಲಿ 2.5 ಬರೆಯಲು ಹಿಂಜರಿಯಬೇಡಿ.