ಒಣ ಮರಳು, ಹಸಿರು ಕಲ್ಲು: ಜೋಡಿ ಬಾವಿ ಕೊರೆಸಿದ ನನ್ನ ಅನುಭವ

ಬೋರ್ ಲಾರಿಯ ಹಿಂದೆ ನಿಂತು ಕೆಲಸ ಮಾಡುವ ನನ್ನಂಥವರ ಚೀಲದಲ್ಲಿ ಏನಿರುತ್ತದೆ ಎಂದು ಯಾರಾದರೂ ಕೇಳಿದರೆ ಮೊದಲು ಟೀ ಸೋಸುವ ಜರಡಿ ತೆಗೆದು ತೋರಿಸುತ್ತೇನೆ. ಆಮೇಲೆ ಭೂತಗನ್ನಡಿ, ಸಣ್ಣ ಬಾಟಲಿಯಲ್ಲಿ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ, ಮಾರ್ಕರ್, ಗಡಿಯಾರ, ಒಂದು ಕನ್ನಡಿ. ಕನ್ನಡಿ ಮುಖ ನೋಡಿಕೊಳ್ಳಲಿಕ್ಕಲ್ಲ. ಅದರ ಕಥೆ ಮುಂದೆ ಬರುತ್ತದೆ.

ಹಿರಿಯೂರು ತಾಲ್ಲೂಕಿನ ಐಮಂಗಲದ ಕಡೆ, ಒಂದು ಹಳ್ಳಿಯ ಗೋಮಾಳದಲ್ಲಿ ಅಂತರ್ಜಲದ ಮಟ್ಟ ಅಳೆಯುವ ಜೋಡಿ ಬಾವಿ ಕೊರೆಸಿದ ಅನುಭವ ಇದು. ಒಂದು ಆಳದ್ದು, ಒಂದು ಮೇಲಿನದು, ನಡುವೆ 5 ಮೀಟರ್ ಅಂತರ. ಲಾರಿ ಬಂದು ನಿಂತ ಕೂಡಲೇ ಊರವರು ಸೇರಿದರು. ಒಬ್ಬರು ತೆಂಗಿನಕಾಯಿ ಒಡೆದರು. ‘ಪಾಯಿಂಟ್ ಯಾರು ಮಾಡಿದ್ದು ಸಾರ್?’ ಎಂದು ಕೇಳಿದರು. ನೀರು ಸಿಗಲಿ ಎಂದು ಕೊರೆಯುತ್ತಿಲ್ಲ, ನೀರು ಎಷ್ಟು ಆಳದಲ್ಲಿದೆ ಎಂದು ವರ್ಷವರ್ಷ ನೋಡಲಿಕ್ಕೆ ಎಂದೆ. ಅಷ್ಟು ದುಡ್ಡು ಹಾಕಿ ಬರೀ ನೋಡಲಿಕ್ಕಾ ಎಂದು ಅವರು ಮುಖ ಮುಖ ನೋಡಿಕೊಂಡರು.

ರೈತನ ಬೋರ್‌ಗೂ ನಮ್ಮದಕ್ಕೂ ಇರುವ ವ್ಯತ್ಯಾಸ ಅಲ್ಲೇ. ರೈತನಿಗೆ ಯಾವ ಪದರದ ನೀರಾದರೂ ಸರಿ, ಎಲ್ಲಾ ಸೇರಿ ಪೈಪಿಗೆ ಬಂದರೆ ಸಾಕು. ನಮಗೆ ಒಂದು ಬಾವಿ ಎಂದರೆ ಒಂದೇ ಪದರ. ಎರಡು ಪದರದ ನೀರು ಒಂದೇ ಕೊಳವೆಯಲ್ಲಿ ಬೆರೆತರೆ ಟೇಪಿನಲ್ಲಿ ಬರುವ ಅಂಕಿ ಎರಡಕ್ಕೂ ಸೇರಿದ್ದಲ್ಲ. ಹಾಗಾಗಿ ಯಾವ ಅಡಿಯಲ್ಲಿ ಯಾವುದು ಮುಗಿದು ಯಾವುದು ಶುರುವಾಯಿತು ಎಂಬುದನ್ನು ಕೊರೆಯುವಾಗ ಮೇಲೆ ಬರುವ ಪುಡಿ ನೋಡಿಯೇ ತೀರ್ಮಾನಿಸಬೇಕು. ಅದನ್ನು ನಾನು ಕಲಿತದ್ದು ಕೆಡಿಸಿಕೊಂಡು.

ಹಲವು ವರ್ಷದ ಹಿಂದೆ ಚಳ್ಳಕೆರೆ ಕಡೆ ಗ್ರಾನೈಟ್ ನೆಲದಲ್ಲಿ ಇಂಥದೇ ಒಂದು ಬಾವಿ ಕೊರೆಸುತ್ತಿದ್ದೆ. 26 ಅಡಿಗೆ ಟಣ್ ಎಂದು ಕಲ್ಲು ಸಿಕ್ಕಿತು. ಪುಡಿ ಬಿಳಿಯಾಯಿತು, ರಾಡ್ ನಿಧಾನವಾಯಿತು. ‘ಕಲ್ಲು ಬಂತು ಸಾರ್, ಕೇಸಿಂಗ್ ಇಳಿಸಾಣ’ ಎಂದ ಡ್ರಿಲ್ಲರ್. ಕೇಸಿಂಗ್ ಎಂದರೆ ಮೇಲಿನ ಮಣ್ಣು, ನೀರು ಒಳಗೆ ಬರದಂತೆ ರಂಧ್ರಕ್ಕೆ ಇಳಿಸುವ ಪೈಪು. ಎರಡಡಿ ಕಲ್ಲಿನೊಳಗೆ ಹೋಗಿದ್ದೆವು. ನಾನೂ ಹೂಂ ಎಂದೆ. ಕೇಸಿಂಗ್ ಕೂರಿಸಿ ಸಣ್ಣ ಬಿಟ್, ಅಂದರೆ ಕಲ್ಲು ಕೊರೆಯುವ ಮೊನೆ, ಹಾಕಿ ಮುಂದುವರಿದಾಗ 34 ಅಡಿಯಲ್ಲಿ ಮತ್ತೆ ಕಂದು ಪುಡಿ ಬಂತು. ಮೇಲಿಂದ ಉದುರಿದ್ದಿರಬೇಕು ಎಂದು ಬರೆದುಕೊಂಡು ಬಿಟ್ಟೆ. ಕೇಸಿಂಗ್ ಆಗಲೇ ಕೂತಾಗಿದೆ, ಮೇಲಿಂದ ಉದುರಲಿಕ್ಕೆ ದಾರಿಯೇ ಇಲ್ಲ ಎನ್ನುವಷ್ಟು ಬುದ್ಧಿ ಅವತ್ತು ಓಡಲಿಲ್ಲ. ಲಾರಿ ಇನ್ನೊಂದು ಪಾಯಿಂಟಿಗೆ ಹೊರಡುವ ಅವಸರದಲ್ಲಿತ್ತು, ಬಿಸಿಲು ಬೇರೆ.

ಎರಡು ವರ್ಷ ಆ ಬಾವಿಯ ಅಂಕಿ ನೋಡಿ ಖುಷಿಪಟ್ಟೆವು. ಒಂದು ಜೋರು ಮಳೆ ಬಂದರೆ ಮೂರ್ನಾಲ್ಕು ದಿನಕ್ಕೇ ಮಟ್ಟ ಏರುತ್ತಿತ್ತು. ಆಳದ ಬಿರುಕಿಗೆ ಇಷ್ಟು ಬೇಗ ನೀರು ಇಳಿಯುತ್ತದೆಯೇ ಎಂದು ಅನುಮಾನ ಬಂದು ಒಂದು ಮಧ್ಯಾಹ್ನ ಕನ್ನಡಿ ಹಿಡಿದೆ. ಬಿಸಿಲು ಚೆನ್ನಾಗಿರುವಾಗ ಕನ್ನಡಿಯಿಂದ ಅದನ್ನು ಕೊಳವೆಯೊಳಗೆ ಬಿಟ್ಟರೆ ತುಂಬಾ ಕೆಳಗಿನವರೆಗೂ ಕಾಣುತ್ತದೆ. ಕೇಸಿಂಗ್ ಮುಗಿದಲ್ಲಿಂದ ಸ್ವಲ್ಪ ಕೆಳಗೆ ಗೋಡೆಯುದ್ದಕ್ಕೂ ನೀರು ಹೊಳೆಯುತ್ತಾ ಇಳಿಯುತ್ತಿತ್ತು. ನಾವು ಕೇಸಿಂಗ್ ಕೂರಿಸಿದ್ದು ತಳಬಂಡೆಯ ಮೇಲಲ್ಲ, ಮಣ್ಣಿನ ನಡುವೆ ಕೂತಿದ್ದ ಒಂದು ಗುಂಡುಕಲ್ಲಿನ ಮೇಲೆ!

ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಆ ಗುಂಡುಗಳ ಪರಿಚಯ ಇದ್ದೇ ಇದೆ. ಒಂದರ ಮೇಲೊಂದು ಯಾರೋ ಎತ್ತಿಟ್ಟಂತೆ ಕೂತಿರುತ್ತವೆ. ಯಾರೂ ಎತ್ತಿಟ್ಟದ್ದಲ್ಲ. ನೆಲದೊಳಗೆ ಗ್ರಾನೈಟಿನ ಸೀಳುಗಳಲ್ಲಿ ನೀರು ಇಳಿದು ಅಂಚು ಮೂಲೆಗಳನ್ನು ಕೊಳೆಸಿ ಮಣ್ಣು ಮಾಡುತ್ತದೆ, ನಡುವಿನ ಗಟ್ಟಿ ತಿರುಳು ಗುಂಡಗೆ ಉಳಿಯುತ್ತದೆ. ಮಣ್ಣು ಕೊಚ್ಚಿಹೋದ ಕಡೆ ಅದು ಬೆಟ್ಟವಾಗಿ ಕಾಣುತ್ತದೆ, ಕೊಚ್ಚಿಹೋಗದ ಕಡೆ ನನ್ನಂಥವರ ಬಿಟ್ಟಿಗೆ ಅಡ್ಡ ಸಿಗುತ್ತದೆ. ಅಂದಿನಿಂದ ಕಲ್ಲು ಸಿಕ್ಕ ಮೇಲೂ ಒಂದೇ ಸಮ 10 ಅಡಿ ಗಟ್ಟಿ ಬರುವ ತನಕ ಕೇಸಿಂಗ್ ಮಾತೇ ಎತ್ತಬಾರದು ಎಂದು ಇಟ್ಟುಕೊಂಡಿದ್ದೇನೆ. ಇದಕ್ಕೆ ಡ್ರಿಲ್ಲರ್‌ಗಳು ಡೀಸೆಲ್ ಲೆಕ್ಕ ಹೇಳುತ್ತಾರೆ. ಹೇಳಲಿ.

ಐಮಂಗಲದ ಕಡೆ ನೆಲ ಬೇರೆ ಜಾತಿಯದು. ಮೇಲೆ 4 ಅಡಿ ಎರೆ, ಬೇಸಿಗೆಗೆ ಕೈ ತೂರುವಷ್ಟು ಬಿರಿದಿತ್ತು. ಅದರ ಕೆಳಗೆ 13 ಅಡಿಯವರೆಗೆ ಹಳದಿಗಂದು ಜೇಡಿ, ನಡುನಡುವೆ ಕಡಲೆಯಿಂದ ನಿಂಬೆಹಣ್ಣಿನ ಗಾತ್ರದವರೆಗಿನ ಬಿಳಿ ಗಂಟುಗಳು. ಅಲ್ಲಿದ್ದ ಅಜ್ಜಿಯೊಬ್ಬರು ಒಂದನ್ನು ಎತ್ತಿ ನೋಡಿ, ‘ಸುಣ್ಣಕಲ್ಲು. ನಮ್ಮ ಹಗೇವು ತೋಡುವಾಗಲೂ ಇದೇ ಬಂದಿತ್ತು’ ಎಂದರು. ನಾನು ಆಮ್ಲದ ಒಂದು ಹನಿ ಬಿಟ್ಟೆ, ಬುಸ್ಸೆಂದು ನೊರೆ ಬಂತು. ಅಜ್ಜಿ ನಕ್ಕರು, ನಾನು ಹೇಳಿದ್ದು ಸುಳ್ಳಾ ಎನ್ನುವ ಹಾಗೆ. ಮಳೆ ಕಡಿಮೆ ಇರುವ ಸೀಮೆಯಲ್ಲಿ ಮಣ್ಣಿನ ನೀರು ಮೇಲೆ ಆವಿಯಾಗುತ್ತಾ ಕರಗಿದ ಸುಣ್ಣವನ್ನು ಅಲ್ಲೇ ಬಿಟ್ಟು ಹೋಗುವುದರಿಂದ ಕಟ್ಟುವ ಗಂಟು ಇದು. ಈ ಪದರ ಸಿಕ್ಕ ಕಡೆ ಮೇಲಿನ ನೀರು ಸಲೀಸಾಗಿ ಕೆಳಗೆ ಹೋಗುವುದಿಲ್ಲ ಎಂದು ಒಂದು ಗುರುತು ಹಾಕಿಕೊಳ್ಳುತ್ತೇನೆ.

13 ಅಡಿಗೆ ಕಂಪ್ರೆಸರಿನ ಸದ್ದೇ ಬದಲಾಯಿತು. ಗಾಳಿ ಎಲ್ಲೋ ಸೋರಿಹೋಗುವಂತೆ ಸುಯ್ಯೆಂದಿತು, ಮರಳು ಚಿಮ್ಮಿತು. ಮರಳಿನ ಜೊತೆ ನುಣುಪಾದ ಹರಳುಗಳು. ಜರಡಿಯಲ್ಲಿ ತೊಳೆದು ಅಂಗೈ ಮೇಲೆ ಹರವಿದೆ: ಬಿಳಿ ಬೆಣಚು, ಕೆಂಪು ಪಟ್ಟೆಯ ಕಬ್ಬಿಣದ ಕಲ್ಲು, ಹಸಿರು ಚಪ್ಪಟೆ ಚೂರು, ಎಲ್ಲಾ ಮೂಲೆ ಸವೆದು ದುಂಡಗಾದವು. ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಹೊಸಬರು ಎಡವುವುದೇ ಇಲ್ಲಿ. ಇದ್ದಲ್ಲೇ ಕೊಳೆತ ಬಂಡೆಯೂ ಮರಳಿನ ಹಾಗೇ ಪುಡಿಯಾಗಿ ಬರುತ್ತದೆ. ಆದರೆ ಅದರ ಕಾಳು ಮೊನಚು, ಎಲ್ಲಾ ಒಂದೇ ಬಂಡೆಯ ಮಕ್ಕಳು. ಹಳ್ಳ ಹೊತ್ತು ತಂದದ್ದಾದರೆ ಹತ್ತು ಊರಿನ ಕಲ್ಲು ಒಂದೇ ಹಿಡಿಯಲ್ಲಿರುತ್ತದೆ, ದುಂಡಗಿರುತ್ತದೆ. ಈಗಿನ ಹಳ್ಳ ಅಲ್ಲಿಂದ ಒಂದು ಫರ್ಲಾಂಗಿಗೂ ದೂರ. ಒಂದು ಕಾಲದಲ್ಲಿ ನಾವು ನಿಂತಲ್ಲೇ ಹರಿಯುತ್ತಿತ್ತು ಎಂದಾಯಿತು.

19 ಅಡಿಯವರೆಗೆ ಇದ್ದ ಆ ಮರಳು ಪೂರ್ತಿ ಒಣಗಿತ್ತು. ಹಳ್ಳದ ಮರಳಿನಲ್ಲಿ ಒರತೆ ತೋಡಿ ಬಿಂದಿಗೆ ತುಂಬಿಸುತ್ತಿದ್ದ ಕಾಲವನ್ನು ಅಲ್ಲಿದ್ದ ಹಿರಿಯರೆಲ್ಲ ಕಂಡವರು. ನನ್ನ ಪುಸ್ತಕದಲ್ಲಿ ‘ಒಣ’ ಎಂದು ಎರಡಕ್ಷರ ಬರೆದೆ. ಮರಳು ನಮ್ಮನ್ನೂ ಸತಾಯಿಸಿತು: ಗೋಡೆ ಕುಸಿದು ರಂಧ್ರ ಮತ್ತೆ ಮತ್ತೆ ಮುಚ್ಚಿಕೊಂಡಿತು, ತಾತ್ಕಾಲಿಕವಾಗಿ ದೊಡ್ಡ ಕಬ್ಬಿಣದ ಪೈಪು ಇಳಿಸಬೇಕಾಯಿತು. ಅದಕ್ಕೂ ಮುಂಚೆ 24 ಅಡಿಯ ಮಾದರಿಯಲ್ಲಿ ಎರಡು ದುಂಡು ಹರಳು ಸಿಕ್ಕಿದ್ದವು. ಅವು ನಿಜವಾಗಿಯೂ ಮೇಲಿಂದ ಉದುರಿದವು. ಈ ಸಲ ಹಾಗೆ ಬರೆಯಲಿಕ್ಕೆ ಕಾರಣ ಇತ್ತು.

19ರಿಂದ ಹಸಿರು ಶುರು. ಮೊದಲು ಖಾಕಿ ಬಣ್ಣದ, ಉಗುರಿಗೆ ಸೋಪಿನ ಹಾಗೆ ಜಾರುವ ಪುಡಿ. ಕೆಳಗೆ ಹೋದಂತೆ ಚಕ್ಕೆಗಳು ಚಪ್ಪಟೆಯಾದವು. ಹಸಿರು ಬಣ್ಣ ಮುಖ್ಯವಾಗಿ ಕ್ಲೋರೈಟ್ ಎಂಬ ಖನಿಜದ್ದು. ಮೂಲದಲ್ಲಿ ಇದು ಲಾವಾ. ಇದೇ ಸೀಮೆಯ ಮರಡಿಹಳ್ಳಿಯಲ್ಲಿ ಆ ಲಾವಾ ದಿಂಬುಗಳ ರಾಶಿಯಂತೆ ನೆಲದ ಮೇಲೇ ಕಾಣುತ್ತದೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದ್ದಾರೆ. ಲಾವಾ ದಿಂಬಿನಂತಾಗುವುದು ನೀರಿನೊಳಗೆ ಉಕ್ಕಿದಾಗ. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಈ ಊರುಗಳ ಕೆಳಗಿರುವುದು 250 ಕೋಟಿ ವರ್ಷಕ್ಕೂ ಹಿಂದಿನ ಸಮುದ್ರದ ತಳ. ಊರವರಿಗೆ ಇದನ್ನು ಹೇಳಿದಾಗ ಒಬ್ಬ ಹುಡುಗ, ‘ಆ ನೀರು ಎಲ್ಲಿ ಹೋತು ಸಾರ್?’ ಎಂದ. ಡ್ರಿಲ್ಲರ್‌ಗೂ ಸೇರಿ ಎಲ್ಲರಿಗೂ ನಗು.

48 ಅಡಿಗೆ ಧೂಳು ನಿಂತು ಪುಡಿ ಕೈಗೆ ಅಂಟಿತು. ತೇವ. 62ಕ್ಕೆ ಗಟ್ಟಿ. ಅಲ್ಲಿಯವರೆಗೆ 20 ಅಡಿಯ ರಾಡ್ ಆರೇಳು ನಿಮಿಷಕ್ಕೆ ಇಳಿಯುತ್ತಿತ್ತು, ಈಗ ಹತ್ತಡಿಗೇ ಒಂಬತ್ತು ನಿಮಿಷ. ಡ್ರಿಲ್ಲರ್ ನನ್ನ ಮುಖ ನೋಡಿದ. ನಾನು ಗಡಿಯಾರ ನೋಡಿದೆ. 74ರವರೆಗೂ ದೊಡ್ಡ ಬಿಟ್‌ನಲ್ಲೇ ಹೋದೆವು, ನೀಲಿಹಸಿರು ಚೂರು ಬಿಟ್ಟು ಬೇರೇನೂ ಬರಲಿಲ್ಲ. ಆಗ ಕೇಸಿಂಗ್ ಇಳಿಸಿ, ಸುತ್ತಲಿನ ಸಂದಿಗೆ ಬೆಂಟೊನೈಟ್ ಜೇಡಿ ಮತ್ತು ಸಿಮೆಂಟು ತುಂಬಿಸಿ, ಒಂದು ದಿನ ಸುಮ್ಮನೆ ಬಿಟ್ಟೆವು. ಬೆಂಟೊನೈಟ್ ನೀರು ಕುಡಿದು ಉಬ್ಬುತ್ತದೆ, ಮೇಲಿನ ಪದರದ ನೀರು ಕೇಸಿಂಗಿನ ಹೊರಮೈ ಹಿಡಿದು ಜಾರದಂತೆ ತಡೆಯುತ್ತದೆ.

ಮೂರನೆಯ ದಿನ 131 ಅಡಿಯಲ್ಲಿ ಹ್ಯಾಮರ್ ಒಂದು ಕ್ಷಣ ಖಾಲಿ ಹೊಡೆದಂತೆ ಸದ್ದು ಮಾಡಿತು. ಬಿಳಿ ಬೆಣಚಿನ ಚೂರುಗಳು, ಒಂದು ಮುಖಕ್ಕೆ ತುಕ್ಕಿನ ಬಣ್ಣ, ಅಲ್ಲಲ್ಲಿ ಪೈರೈಟ್ ಎಂಬ ಹೊಳೆಯುವ ಖನಿಜದ ಮಿಂಚು. ಚೂರಿಗೆ ತುಕ್ಕು ಹಿಡಿದಿದ್ದರೆ ಆ ಸೀಳಿನಲ್ಲಿ ನೀರು ಓಡಾಡಿದೆ ಎಂದೇ ಅರ್ಥ. ಬೆಣಚು ಕಂಡರಷ್ಟೇ ಸಾಲದು, ಎಷ್ಟೋ ಬೆಣಚಿನ ಎಳೆಗಳು ಒಣಗಿಯೇ ಇರುತ್ತವೆ. ಹಿಂದೆಯೇ ನೀರು ಬಂತು, ಕೆಂಬಣ್ಣದ್ದು. ಅರ್ಧ ಗಂಟೆ ಗಾಳಿ ಊದಿ ತಿಳಿಯಾದ ಮೇಲೆ ವಿ-ನಾಚ್‌ನಲ್ಲಿ, ಅಂದರೆ ಹರಿವು ಅಳೆಯುವ ವಿ ಆಕಾರದ ಕಚ್ಚಿನಲ್ಲಿ, ಅಳೆದರೆ ಸೆಕೆಂಡಿಗೆ ಎರಡು ಲೀಟರಿನಷ್ಟು. ಊರಿನಲ್ಲಿ ಹಬ್ಬದ ಸದ್ದು. ‘ಮೋಟಾರ್ ಇಳಿಸಿ ಸಾರ್, ಇಷ್ಟ್ ನೀರು ಬಿಟ್ಟು ಬೀಗ ಹಾಕ್ತೀರಾ?’ ಆ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆಯ ಉತ್ತರ ಯಾವತ್ತೂ ಇರುವುದಿಲ್ಲ. ಮೋಟಾರ್ ಇಳಿಸಿದ ಬಾವಿ ತನ್ನ ಮೋಟಾರಿನ ಕಥೆಯನ್ನಷ್ಟೇ ಹೇಳುತ್ತದೆ ಎಂದೆ. ಒಪ್ಪಿದರೋ ಬಿಟ್ಟರೋ, ಮುಚ್ಚಳ ಬೆಸುಗೆ ಹಾಕುವಾಗ ನೆರಳಿಗೆ ಗೋಣಿಚೀಲ ಹಿಡಿದು ನಿಂತವರು ಅವರೇ. 210 ಅಡಿಗೆ ನಿಲ್ಲಿಸಿದೆವು.

ಮೇಲಿನ ಬಾವಿಯದು ಅರ್ಧ ದಿನದ ಕೆಲಸ, 60 ಅಡಿ. ಅಗಲದ ರಂಧ್ರದಲ್ಲಿ 4 ಇಂಚಿನ ಪಿವಿಸಿ, ತೇವ ಸಿಕ್ಕ ಪದರದ ಎದುರಿಗೆ ಮಾತ್ರ ಸೀಳು ಇರುವ ಪೈಪು, ಸುತ್ತ ಸಣ್ಣ ಜಲ್ಲಿ, ಅದರ ಮೇಲೆ ಬೆಂಟೊನೈಟ್. ಒಣ ಮರಳಿನ ಎದುರಿಗೂ ಸೀಳು ಬಿಡೋಣವೇ ಎಂದು ತುಂಬಾ ಯೋಚಿಸಿದೆ. ಹಳ್ಳ ತುಂಬಿ ಹರಿದ ವರ್ಷ ಅಲ್ಲಿ ನೀರು ನಿಂತೀತು ಎಂಬ ಆಸೆ. ಆಸೆಗೆ ಬೇರೆ ಬಾವಿ ಬೇಕು ಎಂದು ಬಿಟ್ಟೆ.

ಬೇಸಿಗೆಯ ಮೊದಲ ಅಳತೆಯಲ್ಲಿ ಮೇಲಿನದು 44 ಅಡಿ, ಆಳದ್ದು 71. ಐದು ಮೀಟರ್ ದೂರದಲ್ಲಿ 27 ಅಡಿಯ ವ್ಯತ್ಯಾಸ ಕಂಡಾಗ ಕೇಸಿಂಗ್ ಸರಿಯಾಗಿ ಕೂತಿದೆ ಎಂದು ಸಮಾಧಾನವಾಯಿತು. ಸೋರುತ್ತಿದ್ದರೆ ಎರಡೂ ಹತ್ತಿರ ಹತ್ತಿರ ಬರುತ್ತಿದ್ದವು.

ನವೆಂಬರಿನಲ್ಲಿ ಮತ್ತೆ ಹೋದೆ. ಹಿಂಗಾರು ಎರಡು ಸಲ ಚೆನ್ನಾಗಿ ಹೊಡೆದಿತ್ತು, ಹಳ್ಳ ಹರಿದ ಗುರುತು ಬೇಲಿಯ ಜಾಲಿಗೆ ಸಿಕ್ಕ ಕಸದಲ್ಲಿ ಕಾಣುತ್ತಿತ್ತು. ಪಕ್ಕದ ಹೊಲದವರು ಬಂದು ನಿಂತರು. ಅವರದು ಮೂರೆಕರೆ ಅಡಿಕೆ, 600 ಅಡಿಯ ಬೋರ್.

‘ಏರೈತಾ?’

‘ಮೇಲಿನದು 31ಕ್ಕೆ ಬಂದಿದೆ.’

‘ಕೆಳಗಿಂದು?’

ಟೇಪನ್ನು ಇನ್ನೊಮ್ಮೆ ಇಳಿಸಿ, ಒದ್ದೆಯಾದ ಗುರುತನ್ನು ಅವರಿಗೇ ತೋರಿಸಿದೆ. 71.